ಕನ್ನಡ ರಂಗಭೂಮಿಯಲ್ಲಿ ಪರದೆಯೂ ನಾಟಕಬಂಧವೂ

ವೃತ್ತಿಮಂಡಲಿಗಳ ಕನ್ನಡ ನಾಟಕಗಳನ್ನು ಕುರಿತು ವಿಮರ್ಶಕರು ವಾಡಿಕೆಯಾಗಿ ಎತ್ತುವ ಆಕ್ಷೇಪವೊಂದುಂಟು. ಪ್ರಧಾನಕಥೆಗೆ ಸಂಬಂಧವಿಲ್ಲದ ಹಾಸ್ಯದೃಶ್ಯಗಳು ನಡುನಡುವೆ ಬಂದು ರಸಭಂಗವನ್ನುಂಟುಮಾಡುತ್ತವೆ ಎಂಬುದೇ ಅದು. ಗ್ರಂಥವನ್ನು ಮಾತ್ರ ಮುಂದಿಟ್ಟುಕೊಂಡು ನೋಡಿದರೆ ಈ ಮಾತು ಯುಕ್ತವೇ ಸರಿ. ಆದರೆ ಆ ಹಾಸ್ಯವು ನಡೆಯುತ್ತಿದ್ದಾಗ ಪರದೆಯ ಹಿಂದೆ ಏನು ನಡೆಯುತ್ತಿತ್ತೆಂದು ವಿಚಾರಿಸಿದಲ್ಲಿ, ದೋಷದ ಮೂಲವನ್ನು ಕವಿಯ ಅನೌಚಿತ್ಯದಲ್ಲಿ ಹುಡುಕುವುದಕ್ಕಿಂತ ರಂಗದ ಬಡಗಿಯ ಕೆಲಸದಲ್ಲಿ ಹುಡುಕುವುದು ಮೇಲೆಂದು ತಿಳಿದುಬರುತ್ತದೆ.

ಭರತನ ರಂಗಕ್ಕೆ ಈ ತೊಡಕು ಇರಲಿಲ್ಲ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಮನುಷ್ಯರಿಗೆ ವಿಹಿತವಾದ ನಾಟ್ಯಮಂಟಪದ ಅಳತೆ ಉದ್ದದಲ್ಲಿ ೬೪ ಹಸ್ತ, ಅಗಲದಲ್ಲಿ ೩೨ ಹಸ್ತ. ಅದನ್ನು ಮೀರಿದರೆ ಮಾತು ಕೇಳಿಸದು, ಮುಖದ ಭಾವವು ಕಾಣದು ಎಂದು ಕಾರಣವನ್ನೂ ಮುನಿಯು ಹೇಳಿದ್ದಾನೆ. ಆದರೆ ಕಥೆ ನಡೆಯುವ ಸ್ಥಳವನ್ನು ಬರೆದು ತೋರಿಸುವ ಚಿತ್ರಪಟದ ವಿಧಿ ಅಲ್ಲಿಲ್ಲ. ಸ್ಥಳಭೇದವು ಕಕ್ಷ್ಯಾವಿಭಾಗದಿಂದ ಸಿದ್ಧಿಸತಕ್ಕದ್ದು. ಪಾತ್ರವು ರಂಗದಲ್ಲಿ ಒಂದು ಸುತ್ತು ನಡೆದರೆ ಊರು ಕಾಡಾಗುತ್ತದೆ. ಆಹಾರ್ಯಾಭಿನಯದಲ್ಲಿ 'ಪುಸ್ತ'ವೆಂಬ ಹೆಸರಿನಿಂದ ಬೆಟ್ಟ, ವಾಹನ, ವಿಮಾನ ಮೊದಲಾದುವನ್ನು ಮಾಡುವ ಕ್ರಮವು ಬರುವುದಾದರೂ, ಅವುಗಳಿಗೆ ಬಿದಿರು, ಬಟ್ಟೆ, ಅರಗುಗಳಂತಹ ಹಗುರವಾದ ಸಾಮಗ್ರಿಯನ್ನೇ ವಿಧಿಸಿದೆ. ನಮ್ಮ ಯಕ್ಷಗಾನದಲ್ಲಿ ಇಬ್ಬರು ಕೈಯಲ್ಲಿ ಹಿಡಿದ ತೆರೆಯು ಪಾತ್ರಪ್ರವೇಶಕ್ಕೆ ಸಾಕಾಗಿತ್ತು. ಮರ ನೆಡುವ, ಗೋಡೆ ನಿಲ್ಲಿಸುವ ಗೊಡವೆಯೇ ಅಲ್ಲಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾರ್ಸಿ ಮಂಡಲಿಗಳ ಮೂಲಕ ಪಾಶ್ಚಾತ್ಯ ರೀತಿಯ ಚಿತ್ರಿತ ಪರದೆಯು ಬಂದಿತು. ದೂರ ಹೋದಂತೆ ಕಿರಿದಾಗುವ ಬೀದಿ, ಸಾಲುಕಂಬದ ಅರಮನೆ, ಉದ್ಯಾನ, ಅರಣ್ಯ ಇವೆಲ್ಲವೂ ಬಟ್ಟೆಯ ಮೇಲೆ ಮೂಡಿದುವು. ಇದರೊಡನೆ ರಂಗವು ಹಿಂದುಮುಂದಾಗಿ ಎರಡು ಪಾಲಾಯಿತು. ಹಿಂದಿನ ಆಳವಾದ ಭಾಗದಲ್ಲಿ ಸಿಂಹಾಸನವನ್ನಿಟ್ಟು, ಮೆಟ್ಟಿಲುಗಳನ್ನು ಜೋಡಿಸಿ, ಸೈಡುವಿಂಗುಗಳನ್ನು ಬದಲಾಯಿಸಿ ದರ್ಬಾರನ್ನು ಕಟ್ಟಬೇಕು. ಅಷ್ಟು ಹೊತ್ತು ಸಭಿಕರನ್ನು ಬರಿದೆ ಕೂರಿಸುವಂತಿಲ್ಲ. ಆದುದರಿಂದ ಮುಂದುಗಡೆ ಬೀದಿಯ ಪರದೆಯೊಂದನ್ನು ಇಳಿಬಿಟ್ಟು, ಅದರ ಮುಂದಿನ ಕಿರಿದಾದ ಜಾಗದಲ್ಲಿ ಒಂದು ದೃಶ್ಯವನ್ನು ನಡೆಸುವುದು ಅನಿವಾರ್ಯವಾಯಿತು. ಬೀದಿಯಲ್ಲಿ ನಿಂತು ಮಾತಾಡತಕ್ಕವರು ಯಾರು? ರಾಜನಲ್ಲ, ರಾಣಿಯಲ್ಲ, ಸೇವಕರು, ವರ್ತಕರು, ಠಕ್ಕರು. ಹೀಗೆ ಹಾಸ್ಯಪಾತ್ರಗಳಿಗೆ ಬೀದಿಯೂ ಗಂಭೀರಪಾತ್ರಗಳಿಗೆ ಅರಮನೆಯೂ ಮೀಸಲಾಗಿ, ಆಳದ ದೃಶ್ಯ, ತೆಳುವಿನ ದೃಶ್ಯ, ಮತ್ತೆ ಆಳದ ದೃಶ್ಯವೆಂಬ ಸರದಿಯು ನಾಟಕಬಂಧವನ್ನೇ ಆಳತೊಡಗಿತು. ಗುಬ್ಬಿ ವೀರಣ್ಣನವರು ೧೯೩೪ರಲ್ಲಿ 'ಕುರುಕ್ಷೇತ್ರ'ಕ್ಕಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದುದು ಈ ವೈಭವದ ಪರಾಕಾಷ್ಠೆ. ಇದನ್ನು ಅಶಾಸ್ತ್ರೀಯವೆಂದು ಹಳಿಯುವವರು, ಪ್ರಾಣಿಗಳ ಪ್ರವೇಶವನ್ನು 'ಸಜೀವ'ವೆಂದು ಆಹಾರ್ಯದ ನಾಲ್ಕು ಭೇದಗಳಲ್ಲಿ ಭರತನೇ ಎಣಿಸಿರುವುದನ್ನು ಒಮ್ಮೆ ನೋಡಬಹುದು.

ಈ ಸರದಿಯನ್ನು ಮುರಿದುದು ಬೆಂಗಳೂರಿನ ಹವ್ಯಾಸಿಗಳು. ೧೮೯೨ರಲ್ಲಿ ಚಾಮರಾಜಪೇಟೆಯೂ, ೧೮೯೮ರ ಪ್ಲೇಗಿನ ಕಾಲಕ್ಕೆ ಬಸವನಗುಡಿ ಮಲ್ಲೇಶ್ವರಗಳೂ ಏರ್ಪಟ್ಟು, ವಕೀಲರು, ಉಪಾಧ್ಯಾಯರು, ಗುಮಾಸ್ತರು ಇವರ ಸಂಸಾರಗಳು ಅಲ್ಲಿ ನೆಲಸಿದುವು. ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ೧೯೦೯ರಲ್ಲಿ ಹುಟ್ಟಿತು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ, ಅಲ್ಲಿಯ ರಂಗವನ್ನೂ ಕಂಡು ಬಂದ ಟಿ. ಪಿ. ಕೈಲಾಸಂ ಅವರು ೧೯೧೮ರ 'ಟೊಳ್ಳುಗಟ್ಟಿ'ಯಿಂದ ಮೊದಲುಗೊಂಡು ಬಹುಮಟ್ಟಿಗೆ ಒಂದು ಮನೆಯ ಹಜಾರದಲ್ಲೇ ನಾಟಕವನ್ನು ನಿಲ್ಲಿಸಿದರು. ಕುರ್ಚಿ, ಮೇಜು, ಬಾಗಿಲುಗಳಿದ್ದರೆ ಆಯಿತು. ಹಿಂದೆ ಅರಮನೆಯನ್ನು ಕಟ್ಟುವುದಿಲ್ಲವಾದುದರಿಂದ ಮುಂದೆ ಕಾಲಹರಣದ ಹಾಸ್ಯವೂ ಬೇಕಿಲ್ಲ. ಹಾಸ್ಯವು ಬೀದಿಯಿಂದೆದ್ದು ಮನೆಯೊಳಕ್ಕೆ ಬಂದು, ಕಥೆಯ ಅಂಗವೇ ಆಯಿತು. ಕೈಲಾಸಂ ಅವರ ಈ ಬಂಧವನ್ನು ಪಾಶ್ಚಾತ್ಯ ಪ್ರಭಾವವೆಂಬ ಒಂದೇ ಮಾತಿನಲ್ಲಿ ಮುಗಿಸುವುದು ಪಾಠಶಾಲೆಗಳಲ್ಲಿ ರೂಢಿಯಾಗಿದೆ. ಕದಲದ ಆ ಒಂದು ಕೋಣೆಗೂ ಅದರಲ್ಲಿ ಪಾಲುಂಟು.

ಪರದೆಯ ಸರದಿಯು ಹೋದ ಮೇಲೆ ಅದರ ಬೆಲೆಯನ್ನರಿತು ಮರಳಿ ಬಳಸಿದವರು ಗಿರೀಶ ಕಾರ್ನಾಡರು. ೧೯೬೪ರ 'ತುಘಲಕ್' ನಾಟಕದ ದೃಶ್ಯವಿನ್ಯಾಸಕ್ಕೆ ಪಾರ್ಸಿ ಪದ್ಧತಿಯ ಈ ಆಳ-ತೆಳುಗಳೇ ಮಾದರಿಯೆಂದು ಅವರೇ ವಿವರಿಸಿದ್ದಾರೆ. ಸುಲ್ತಾನನಿಗೆ ಅರಮನೆ, ಅಗಸನಾದ ಅಜೀಜನಿಗೂ ಅವನ ಗೆಳೆಯ ಆಜಮನಿಗೂ ಬೀದಿ, ಬಯಲು. ಕಡೆಯಲ್ಲಿ ಅಜೀಜನು ವೇಷ ಮರೆಸಿಕೊಂಡು ಅರಮನೆಯನ್ನೇ ಹೊಗುತ್ತಾನೆ. ರಂಗದ ಈ ಎರಡು ಪಾಲುಗಳನ್ನು ಅರಿಯದೆ ಓದುವ ವಿದ್ಯಾರ್ಥಿಗೆ ಆ ಪ್ರವೇಶವು ಕಥೆಯ ಒಂದು ತಿರುವು ಮಾತ್ರವಾಗಿ ತೋರೀತು. ಅರಿತವನಿಗೆ ಬೀದಿಯ ಪರದೆಯೇ ಹರಿದಂತೆ ಕಾಣುವುದು.

ಚಿತ್ರಿತ ಪರದೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಖಂಡಿಸಿ, ಭರತನನ್ನೂ ಬಂಗಾಳದ ಜಾತ್ರಾ ನಾಟಕವನ್ನೂ ಎತ್ತಿಹಿಡಿದವರು ರವೀಂದ್ರನಾಥ ಠಾಕೂರರು. ಅವರ ಸ್ಮರಣಾರ್ಥವಾಗಿ ೧೯೬೩ರಲ್ಲಿ ಬೆಂಗಳೂರಿನಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರಕ್ಕೆ ಚೌಕಟ್ಟಿನೊಳಗಿನ ರಂಗವನ್ನೇ ಕಟ್ಟಿದುದು ವಿನೋದದ ಸಂಗತಿ. ೧೯೭೨ರಲ್ಲಿ ಬಿ. ವಿ. ಕಾರಂತರು ಅದರ ಹಿಂದಿನ ಬಯಲಿನಲ್ಲಿ 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ಎಂಬ ಮೂರು ನಾಟಕಗಳನ್ನಾಡಿಸಿದಾಗ, ಚೌಕಟ್ಟು ಬಿಟ್ಟುಹೋಗಿ ಸುತ್ತು ನಡೆದು ಸ್ಥಳವನ್ನು ಕಾಣಿಸುವ ಹಳೆಯ ಕ್ರಮಕ್ಕೆ ಮತ್ತೆ ಎಡೆಯಾಯಿತು. ಆ ಬಯಲಿನಲ್ಲಿ ಮುಂದೆ ನೆಲೆಗೊಂಡ ರಂಗಮಂದಿರಕ್ಕೆ, ಮೈಸೂರರಸರ ಚರಿತ್ರೆಯನ್ನು ನಾಟಕವಾಗಿಸಿದ ಸಂಸರ ಹೆಸರನ್ನಿಟ್ಟಿದ್ದಾರೆ. 'ವಿಗಡ ವಿಕ್ರಮರಾಯ'ನನ್ನು ಅಲ್ಲಿ ಆಡುವವರು ಅರಮನೆಯನ್ನು ನಡಿಗೆಯಿಂದಲೇ ಕಟ್ಟಬೇಕು.