ಐವತ್ತು ಕೇಳಿದರೆ ಐನೂರು

ನಮ್ಮಜ್ಜಿ ಕೋಳಿ ಸಾಕ್ತಿದ್ದಳು, ಲೆಕ್ಕ ಇಟ್ಟವಳಲ್ಲ. ತಿಪ್ಪೆ ಕೆದಕಿ ತಿನ್ನೋ ಕೋಳಿಗೆ ಎಂಥ ಖರ್ಚು! ಅಮೆರಿಕದ ಡೆಲವೇರ್‌ನ ಸಿಸಿಲ್ ಸ್ಟೀಲ್ ಕೂಡ ಮೊಟ್ಟೆಗೆಂದೇ ಕೋಳಿ ಸಾಕುತ್ತಿದ್ದಾಕೆ. 1923ರಲ್ಲಿ 50 ಮರಿ ತರಿಸಿದರೆ ಬಂದದ್ದು 500. ವಾಪಸ್ ಕಳಿಸದೆ ಸಾಕಿದಳು. ಬದುಕುಳಿದ 387ನ್ನು, ತಲಾ ಎರಡು ಪೌಂಡ್ ತೂಗುವಾಗ, ಪೌಂಡಿಗೆ 62 ಸೆಂಟ್‌ನಂತೆ ಮಾಂಸಕ್ಕೆ ಮಾರಿದಳು. ಗುಣಿಸಿ ನೋಡಿದೆ: ಹೆಚ್ಚುಕಮ್ಮಿ 480 ಡಾಲರ್, ಅದೂ ನೂರಕ್ಕೂ ಹೆಚ್ಚು ಮರಿ ಸತ್ತ ಮೇಲೆ! 1926ರ ಹೊತ್ತಿಗೆ ಹತ್ತು ಸಾವಿರ ಕೋಳಿ ಹಿಡಿಸೋ ಶೆಡ್ ಎದ್ದಿತ್ತು. ಬ್ರಾಯ್ಲರ್ ಉದ್ದಿಮೆ ಹುಟ್ಟಿದ್ದೇ ಹೀಗೆ ಅಂತಾರೆ.

ಈಗ ನಮ್ಮ ಕಡೆಯ ಎಷ್ಟೋ ಶೆಡ್ಡುಗಳಲ್ಲಿ ಮರಿ, ಮೇವು ಕಂಪನಿಯದು. ಶೆಡ್ಡು, ಕರೆಂಟು, ದುಡಿಮೆ ರೈತನದು. ಸಿಸಿಲ್ ಕೋಳಿ ಮಾರಿದಳು. ಇವನಿಗೆ ಸಿಗೋದು ಕಿಲೋಗಿಷ್ಟು ಅಂತ ಸಾಕಿದ ಕೂಲಿ.