ಕಮಾನು ಪಟ್ಟಿ ಪುರಾಣ: ಬಂಡಿ ಗಾಲಿಯಿಂದ ಪಿಕಪ್ ಲಿಫ್ಟ್ ಕಿಟ್ ತನಕ

"ಪಿಕಪ್ ಗಾಡಿ ಎರಡು ಇಂಚು ಎತ್ತರಿಸಬೇಕು, ಯಾವ ಲಿಫ್ಟ್ ಕಿಟ್ ಒಳ್ಳೇದು?" ಅನ್ನೋದು ಹೊಸ ಕಾಲದ ಪ್ರಶ್ನೆ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯವರಿಗೆ ಅದರ ಒಳಗಿರೋ ಪ್ರಶ್ನೆ ಬಹಳ ಹಳೇದು. ಗಾಡಿಗೂ ನೆಲಕ್ಕೂ ನಡುವೆ ಎಷ್ಟು ಜಾಗ ಇರಬೇಕು? ಆ ಜಾಗ ಎಲ್ಲಿಂದ ತರಬೇಕು? ಕಿಟ್ಟಿನ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಎತ್ತಿನ ಬಂಡಿಗೆ ಸ್ಪ್ರಿಂಗ್ ಇಲ್ಲ. ಅದರ ಎತ್ತರವೆಲ್ಲ ಗಾಲಿಯಿಂದ ಬಂದದ್ದು. ಐದು ಅಡಿ ಗಾಲಿ ಅಂದರೆ ಅಚ್ಚು ನೆಲದಿಂದ ಎರಡೂವರೆ ಅಡಿ ಮೇಲೆ. ನಮ್ಮ ಎರೆ ಹೊಲದಲ್ಲಿ ಮಳೆಗಾಲಕ್ಕೆ ಗಾಲಿ ಒಂದು ಅಡಿ ಹೂತುಹೋದರೂ ಅಚ್ಚು ಕೆಸರಿಗೆ ತಾಗೋದಿಲ್ಲ. ಆಮೇಲೆ ಟೈರ್ ಬಂಡಿ ಬಂತು. ಗಟ್ಟಿ ರಸ್ತೆಯ ಮೇಲೆ ಎತ್ತುಗಳಿಗೆ ಎಳೆಯೋದು ಹಗುರ, ಭಾರವೂ ಹೆಚ್ಚು ಹಾಕಬಹುದು. ಆದರೆ ಗಾಲಿ ಚಿಕ್ಕದು, ಅಚ್ಚು ಕೆಳಗೆ. ಕೆಸರಿಗೆ ಇಳಿದರೆ ಸಿಕ್ಕಿಕೊಂಡಿತು ಅಂತಲೇ ಲೆಕ್ಕ. ಅಂದರೆ "ಭಾರ ಬೇಕೋ, ಎತ್ತರ ಬೇಕೋ?" ಅನ್ನೋ ಆಯ್ಕೆ ಎತ್ತಿನ ಕಾಲದಲ್ಲೇ ಶುರುವಾಗಿತ್ತು.

ಇನ್ನು ರೈಲು. ಮುಂಬೈ ಕಡೆಯ ಹಳಿ ಮದ್ರಾಸ್ ಕಡೆಯ ಹಳಿಯನ್ನು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಶಹಾಬಾದ, ವಾಡಿ ಎರಡೂ ಆ ದಾರಿಯ ಮೇಲಿವೆ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು, ವಾಡಿ ಜಂಕ್ಷನ್ ಆಯಿತು. ಶಹಾಬಾದಿ ಪರ್ಸಿ ದೂರದ ಊರಿನ ಮನೆಗಳ ನೆಲಕ್ಕೆ ಹೋದದ್ದು ಈ ಹಳಿಗಳ ಕೃಪೆಯಿಂದ. ದೂರದ ಭಾರ ರೈಲು ಹೊತ್ತಿತು, ಖಣಿಯಿಂದ ಸ್ಟೇಶನ್ನಿನ ತನಕ ಬಂಡಿ ಹೊತ್ತಿತು.

ಹಾಗಾದರೆ ಸ್ಪ್ರಿಂಗ್ ಬಂದದ್ದು ಯಾವಾಗ? ಲಂಡನ್ನಿನ ಗಾಡಿ ತಯಾರಕ ಒಬಡಯ್ಯ ಎಲಿಯಟ್ 1805ರ ಸುಮಾರಿಗೆ ಪಟ್ಟಿ ಸ್ಪ್ರಿಂಗಿನ ಒಂದು ರೂಪಕ್ಕೆ ಪೇಟೆಂಟ್ ಪಡೆದ. ಉಕ್ಕಿನ ಪಟ್ಟಿಗಳನ್ನು ಬಿಲ್ಲಿನ ಹಾಗೆ ಬಾಗಿಸಿ ಒಂದರ ಮೇಲೊಂದು ಜೋಡಿಸೋದು, ಅಷ್ಟೇ. ನಮ್ಮಲ್ಲಿ ಇದು ಮೊದಲು ಟಾಂಗಾದ ಕೆಳಗೆ ಕಂಡಿತು, ಆಮೇಲೆ ಬಸ್ಸು-ಲಾರಿಗಳ ಕೆಳಗೆ. ಹೈದರಾಬಾದ್ ಸಂಸ್ಥಾನದ ರೈಲ್ವೆಯವರೇ 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡಿದರು. ಆಗ ನಮ್ಮ ಐದೂ ಊರು ಅದೇ ಸಂಸ್ಥಾನದಲ್ಲಿದ್ದವು. 1954ರಲ್ಲಿ ಟೆಲ್ಕೋ ಕಂಪನಿ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡತೊಡಗಿತು. 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್ ಬಂತು. ಗಾಡಿ ಚಿಕ್ಕದಾಗ್ತಾ ಬಂದರೂ ಹಿಂದಿನ ಅಚ್ಚಿನ ಮೇಲೆ ಮಾತ್ರ ಅದೇ ಕಮಾನು ಪಟ್ಟಿ. 2022ರಲ್ಲಿ ಭಾರತಕ್ಕೆ ಬಂದ ದುಬಾರಿ ಹೈಲಕ್ಸ್ ಪಿಕಪ್ಪಿನ ಹಿಂದೆ ಬಗ್ಗಿ ನೋಡಿ, ಅಲ್ಲೂ ಎಲಿಯಟ್ ಸಾಹೇಬರ ಮೊಮ್ಮಗನೇ ಕೂತಿದ್ದಾನೆ :)

ಈಗ ನಮ್ಮ ಕಡೆಯ ಕಥೆ. ಪರ್ಸಿ ಕಲ್ಲಿನ ಭಾರ ಕಣ್ಣಿಗೆ ಕಾಣೋದಿಲ್ಲ. ಒಂದು ಇಂಚು ದಪ್ಪದ ಒಂದು ಚದರಡಿ ಕಲ್ಲು ಸುಮಾರು ಆರು ಕೆಜಿ ತೂಗುತ್ತೆ. ಒಂದೂಕಾಲು ಟನ್ನಿನ ಪಿಕಪ್ಪಿನ ತೊಟ್ಟಿ ಸುಮಾರು 45 ಚದರಡಿ ಅಂತ ಇಟ್ಟುಕೊಳ್ಳಿ. ಅದರ ತುಂಬ ಒಂದು ಪದರ ಹಾಸಿದರೆ ಸುಮಾರು 270 ಕೆಜಿ ಆಯಿತು. ನಾಲ್ಕು ಪದರಕ್ಕೆ ಗಾಡಿಯ ಮಿತಿ ಹತ್ತಿರ ಬಂತು. ನೋಡೋರಿಗೆ ತೊಟ್ಟಿ ತಳದಲ್ಲಿ ನಾಲ್ಕು ಇಂಚು ಕಲ್ಲು, ಮೇಲೆಲ್ಲ ಖಾಲಿ! "ಇಷ್ಟು ಜಾಗ ಖಾಲಿ ಯಾಕೆ ಬಿಡಬೇಕು?" ಅಂತ ಯಾರಿಗಾದರೂ ಅನಿಸುತ್ತೆ. ಹತ್ತಿ ತುಂಬೋರಿಗೆ ಜಾಗ ಮೊದಲು ಮುಗಿಯುತ್ತೆ, ಕಲ್ಲು ತುಂಬೋರಿಗೆ ಸ್ಪ್ರಿಂಗ್ ಮೊದಲು ಮುಗಿಯುತ್ತೆ.

ಅದಕ್ಕೆ ಹುಟ್ಟಿದ ಉಪಾಯವೇ "ಇನ್ನೊಂದು ಪಟ್ಟಿ ಹಾಕಿಸು" ಅನ್ನೋದು. ಕಟ್ಟಿನಲ್ಲಿ ಐದು ಪಟ್ಟಿ ಇದ್ದರೆ ಆರು, ಆರಿದ್ದರೆ ಏಳು. ಗಾಡಿಯ ಹಿಂಭಾಗ ಎತ್ತರವಾಗುತ್ತೆ, ಭಾರಕ್ಕೆ ಕುಸಿಯೋದಿಲ್ಲ. ಇಂಗ್ಲಿಷ್ ಹೆಸರಿನ ಡಬ್ಬಿಯಲ್ಲಿ ಬರೋ "ಆ್ಯಡ್ ಎ ಲೀಫ್" ಕಿಟ್ ಅಂದರೆ ಇದೇ. ಹಿಂದಿನವರು ಎತ್ತರಕ್ಕಾಗಿ ಹಾಕಿಸಲಿಲ್ಲ, ಭಾರಕ್ಕಾಗಿ ಹಾಕಿಸಿದರು, ಅಷ್ಟೇ ವ್ಯತ್ಯಾಸ.

ಆದರೆ ಪಟ್ಟಿ ಸೇರಿಸಿದರೆ ಸ್ಪ್ರಿಂಗ್ ಮಾತ್ರ ಗಟ್ಟಿಯಾಗುತ್ತೆ. ಅಚ್ಚು, ಬೇರಿಂಗು, ಬ್ರೇಕು, ಟೈರು ಎಲ್ಲ ಹಳೇ ಮಿತಿಯಲ್ಲೇ ಇರುತ್ತವೆ. ರಸ್ತೆಯೂ ಅಷ್ಟೇ. 1958ರಿಂದ 1960ರ ತನಕ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ಒಂದು ದೊಡ್ಡ ಪರೀಕ್ಷೆ ಮಾಡಿದರು. ಅದರಿಂದ ಬಂದ ಒರಟು ಲೆಕ್ಕ ಇದು: ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗೋ ಪೆಟ್ಟು ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಒಂದೂವರೆ ಪಟ್ಟು ಭಾರಕ್ಕೆ ಐದು ಪಟ್ಟು ಪೆಟ್ಟು.

ನಮ್ಮ ಭಾಗದಲ್ಲಿ ಇದು ಬರೀ ಪುಸ್ತಕದ ಲೆಕ್ಕವಲ್ಲ. ಶಹಾಬಾದಿನ ಸಿಮೆಂಟ್ ಕಾರ್ಖಾನೆ ಸ್ವಾತಂತ್ರ್ಯಕ್ಕೂ ಮೊದಲಿನದು. 1968ರಲ್ಲಿ ವಾಡಿಯಲ್ಲಿ ಎಸಿಸಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ, 2015ರಲ್ಲಿ ಚಿತ್ತಾಪುರ ತಾಲೂಕಿನ ಇಟಗಾ, ಹೀಗೆ ಸುಣ್ಣದ ಕಲ್ಲಿನ ಮೇಲೆ ಸಾಲಾಗಿ ಕಾರ್ಖಾನೆ ಎದ್ದವು. ಕಲ್ಲು, ಸಿಮೆಂಟು, ಕಲ್ಲಿದ್ದಲು, ಎಲ್ಲವೂ ಭಾರದ ಮಾಲು. 2018ರ ಜುಲೈನಲ್ಲಿ ಕೇಂದ್ರ ಸರಕಾರವೇ ಅಚ್ಚಿನ ಭಾರದ ಮಿತಿ ಏರಿಸಿತು. ನಾಲ್ಕು ಟೈರಿನ ಒಂದು ಅಚ್ಚಿಗೆ 10.2 ಟನ್ ಇದ್ದದ್ದು 11.5 ಆಯಿತು. ಕಾಗದದ ಮೇಲೆ ಮಿತಿ ಏರಿಸೋದು ಸುಲಭ, ಆದರೆ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯೋದು ಬಿಡೋದಿಲ್ಲವಲ್ಲ. ತಳವೇ ಅಲುಗಾಡೋ ರಸ್ತೆಗೆ ಮೇಲಿನ ಪೆಟ್ಟು ಇನ್ನೂ ಜೋರು.

ಈಗ ಸುತ್ತು ಪೂರ್ತಿಯಾಯಿತು ನೋಡಿ. ಹೆಚ್ಚು ಭಾರ ಹೊರಲು ಪಟ್ಟಿ ಹಾಕಿಸಿದೆವು. ಭಾರಕ್ಕೆ ರಸ್ತೆ ಒಡೆಯಿತು. ಒಡೆದ ರಸ್ತೆ ದಾಟಲು ಗಾಡಿ ಎತ್ತರಿಸಬೇಕು ಅಂತೀವಿ. ಎತ್ತರಿಸಲು ಮತ್ತೆ ಪಟ್ಟಿ!

ಹಾಗಂತ ಕಿಟ್ ಬೇಡವೇ ಬೇಡ ಅಂತಲ್ಲ. ಚಿಂಚೋಳಿಯ ಗುಡ್ಡದ ಕಡೆ, ಕೆಂಪು ಮೊರಂ ದಾರಿಗಳಲ್ಲಿ, ಹಳ್ಳ ದಾಟೋರಿಗೆ ಎತ್ತರ ನಿಜವಾಗಿ ಬೇಕು. ಆದರೆ ಹಾಕಿಸೋ ಮೊದಲು ಕೆಲವು ವಿಷಯ ಗೊತ್ತಿರಲಿ.

ಒಂದು, ಸ್ಪ್ರಿಂಗ್ ಎತ್ತರಿಸಿದರೆ ಚಾಸಿ ಮೇಲೆ ಹೋಗುತ್ತೆ, ಹಿಂದಿನ ಅಚ್ಚಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತೆ. ಕಲ್ಲಿಗೆ ಬಡಿಯೋದು ಆ ಗುಂಡೇ ಆದರೆ ಕಿಟ್ಟಿನಿಂದ ಉಪಯೋಗವಿಲ್ಲ. ಅದನ್ನು ಎತ್ತೋದು ದೊಡ್ಡ ಗಾಲಿ ಮಾತ್ರ, ಎರಡು ಇಂಚು ದೊಡ್ಡ ಟೈರಿಗೆ ಒಂದು ಇಂಚು. ಹಳೇ ಬಂಡಿ ಮಾಡಿದವರಿಗೆ ಇದು ಗೊತ್ತಿತ್ತು.

ಎರಡು, ಪಟ್ಟಿ ಹಳೇದಾಗಿ ಕುಸಿದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಹೊಸ ಕಟ್ಟು ಹಾಕಿಸಿದರೆ ಕಳೆದುಹೋದ ಎತ್ತರ ವಾಪಸ್ ಬರುತ್ತೆ. ಎಷ್ಟೋ ಸಲ ಬೇಕಾಗಿದ್ದದ್ದು ಅಷ್ಟೇ ಆಗಿರುತ್ತೆ.

ಮೂರು, ಎತ್ತರಿಸಿದಷ್ಟೂ ಪ್ರೊಪೆಲ್ಲರ್ ಶಾಫ್ಟಿನ ಓರೆ ಬದಲಾಗಿ ಅದರ ಜಾಯಿಂಟುಗಳು ಬೇಗ ಸವೆಯುತ್ತವೆ. ಶಾಕ್ ಅಬ್ಸಾರ್ಬರ್, ಬ್ರೇಕ್ ಪೈಪ್ ಸಾಲದೆ ಹೋಗಬಹುದು. ಕೆಲವು ಪಿಕಪ್ಪುಗಳಲ್ಲಿ ಅಚ್ಚಿಗೂ ಚಾಸಿಗೂ ಇರೋ ಅಂತರ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕು ಅಂತ ತೀರ್ಮಾನಿಸೋ ವಾಲ್ವ್ ಇರುತ್ತೆ. ಗಾಡಿ ಎತ್ತರಿಸಿ ಅದನ್ನು ಹೊಂದಿಸದೆ ಬಿಟ್ಟರೆ, ಭಾರ ತುಂಬಿದ್ದರೂ ಅದು ಗಾಡಿ ಹಗುರವಾಗಿದೆ ಅಂದುಕೊಂಡು ಬ್ರೇಕ್ ಕಡಿಮೆ ಮಾಡುತ್ತೆ. ಕಲ್ಲು ಹೇರಿದ ಗಾಡಿಯಲ್ಲಿ ಇದರ ಅರ್ಥ ಏನು ಅಂತ ನೀವೇ ಯೋಚಿಸಿ.

ನಾಲ್ಕು, ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅಪಘಾತವಾದ ದಿನ ವಿಮೆಯವರು ಗಾಡಿಯ ಕೆಳಗೂ ಬಗ್ಗಿ ನೋಡ್ತಾರೆ. ಆರ್‌ಟಿಓ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳೋದು ಕ್ಷೇಮ.

ಆದ್ದರಿಂದ ಯಾವ ಕಂಪನಿ ಕಿಟ್ ಅನ್ನೋದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ನನ್ನ ಗಾಡಿ ದಾಟಬೇಕೋ, ಹೊರಬೇಕೋ? ದಾಟೋದಕ್ಕಾದರೆ ಟೈರು, ಹೊಸ ಪಟ್ಟಿ, ಹೆಚ್ಚೆಂದರೆ ಸಣ್ಣ ಲಿಫ್ಟ್. ಹೊರೋದಕ್ಕಾದರೆ ಲಿಫ್ಟ್ ಕಿಟ್ ಉತ್ತರವಲ್ಲ, ದೊಡ್ಡ ಗಾಡಿ ಅಥವಾ ಇನ್ನೊಂದು ಟ್ರಿಪ್ಪು.

ಏನಂತೀರಿ? ನಿಮ್ಮ ಕಡೆ ಈ ಪಟ್ಟಿಗಳಿಗೆ ಏನಂತ ಕರೀತಾರೆ? ಕಮಾನು, ಪ್ಲೇಟು, ಬ್ಲೇಡು... ಬೇರೆ ಹೆಸರಿದ್ದರೆ ತಿಳಿಸಿ, ಸೇರಿಸಿಕೊಳ್ತೀನಿ.