ನಮ್ಮ ಗಡಿ ಹೊಲಗಳ ಅಕ್ಕಡಿ ಬೆಳೆ: ಒಂದು ಇತಿಹಾಸ

ನಮ್ಮ ಸಿರ್ಗಾಪುರ ಸುತ್ತಿನ ನಾರಾಯಣಖೇಡ ತಾಲೂಕು ಹಾಗೂ ಜಹೀರಾಬಾದ ತಾಲೂಕು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಆ ವರ್ಷ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಇವು ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದ ತಾಲೂಕಿನ ನಿರ್ಣಾ ಭಾಗ ಮಾತ್ರ ಕರ್ನಾಟಕದ ಕಡೆ ಉಳಿಯಿತು. ಈ ಇತಿಹಾಸವನ್ನು ನಾವು ಶಾಲೆಯಲ್ಲಿ ಹೇಳುತ್ತೇವೆ. ಆದರೆ ಗಡಿಯ ಎರಡೂ ಕಡೆ ಒಂದೇ ಆಗಿದ್ದ ಬೇಸಾಯದ ಇತಿಹಾಸವನ್ನು ಹೇಳುವುದು ಕಡಿಮೆ.

ನಮ್ಮದು ಮಳೆಯಾಶ್ರಿತ ಸೀಮೆ. ಹಿರಿಯರು ಒಂದೇ ಬೆಳೆಯನ್ನು ನಂಬಿ ಕೂಡುತ್ತಿರಲಿಲ್ಲ. ಮುಂಗಾರಿಗೆ ಜೋಳ, ಸಜ್ಜೆ, ನವಣೆ, ಸಾವೆಗಳ ನಡುವೆ ತೊಗರಿ, ಹೆಸರು, ಉದ್ದು, ಅಲಸಂದಿ, ಪುಂಡಿ ಅಕ್ಕಡಿ ಹಾಕುತ್ತಿದ್ದರು. ಹಿಂಗಾರಿಗೆ ಕರಿ ಮಣ್ಣಿನಲ್ಲಿ ಬಿಳಿಜೋಳ, ಕಡಲೆ, ಅಗಸೆ, ಕುಸುಬೆ.

ಇದರಲ್ಲಿ ದೊಡ್ಡ ಲೆಕ್ಕಾಚಾರವಿದೆ. ಹೆಸರು ಎರಡು ತಿಂಗಳ ಆಸುಪಾಸಿನಲ್ಲಿ ಕೈಗೆ ಬರುತ್ತದೆ. ತೊಗರಿಗೆ ಐದಾರು ತಿಂಗಳು ಬೇಕು, ಅದರ ಬೇರು ಆಳಕ್ಕಿಳಿದು ನೀರು ಹುಡುಕುತ್ತದೆ. ಮಳೆ ಬೇಗ ನಿಂತರೆ ಒಂದು, ತಡವಾಗಿ ಬಂದರೆ ಇನ್ನೊಂದು ಉಳಿಯುತ್ತದೆ. ದ್ವಿದಳ ಬೆಳೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಈಗ ಮಳೆಯ ಕಾಲ ತಪ್ಪುತ್ತಿದೆ, ಒಂದೇ ದಿನ ತಿಂಗಳ ಮಳೆ ಸುರಿಯುತ್ತದೆ. ಇಂಥ ಹೊತ್ತಿನಲ್ಲಿ ಹೊಲದ ತುಂಬ ಒಂದೇ ಬೆಳೆ ಇದ್ದರೆ ನಷ್ಟವೂ ಒಂದೇ ಸಲ ಆಗುತ್ತದೆ.

ಎಳ್ಳಮಾವಾಸ್ಯೆಯ ಭಜ್ಜಿಯನ್ನೇ ನೋಡಿ. ಹಲವು ಹಸಿ ಕಾಳು, ಹಲವು ಸೊಪ್ಪು ಕೂಡಿಸಿ ಮಾಡುವ ಆ ಪದಾರ್ಥ ಒಂದೇ ಬೆಳೆಯ ಹೊಲದಿಂದ ಹುಟ್ಟಲು ಸಾಧ್ಯವಿಲ್ಲ. ನಮ್ಮ ಹೊಲ ಮೊದಲು ಹೇಗಿತ್ತು ಎಂಬುದಕ್ಕೆ ಅದೂ ಒಂದು ದಾಖಲೆ.

ಈ ಪದ್ಧತಿ ಸಡಿಲಾಗಲು ಕಾರಣಗಳಿವೆ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕೆ.ಜಿ.ಗೆ ಎರಡು ರೂಪಾಯಿಯಂತೆ ಅಕ್ಕಿ ಕೊಟ್ಟಿತು. ಬಡವರ ಹಸಿವು ನೀಗಿತು, ಅದನ್ನು ಅಲ್ಲಗಳೆಯಲಾಗದು. ಆದರೆ ರೊಟ್ಟಿಯ ಜಾಗಕ್ಕೆ ಅನ್ನ ಬಂತು, ಜೋಳ ನವಣೆಗೆ ಬೆಲೆ ಕಡಿಮೆಯಾಯಿತು. ಮುಂದೆ ಹತ್ತಿ, ಸೋಯಾಬೀನ್ ಹೊಲ ತುಂಬಿದವು.

ಅದೇ 1983ರಲ್ಲಿ ಜಹೀರಾಬಾದ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಕೆಲಸ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರು ಮೂಲದ ಕನ್ನಡಿಗರು, ದೂರದರ್ಶನದಲ್ಲಿ ಕೆಲಸ ಮಾಡಿದವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ನಿಜವಾದ ಕೆಲಸ ಮಾಡಿದವರು ಊರೂರಿನ ಸಂಘಗಳ ಹೆಣ್ಣುಮಕ್ಕಳು. ಹೆಚ್ಚಿನವರು ದಲಿತರು, ಶಾಲೆ ಮೆಟ್ಟಿಲು ಹತ್ತದವರು. ಬೀಳುಬಿದ್ದ ಹೊಲ ಹಸನು ಮಾಡಿ ಜೋಳ ಬೆಳೆದು, ಊರಲ್ಲೇ ಕೂಡಿಟ್ಟು ಬಡ ಮನೆಗಳಿಗೆ ಕಡಿಮೆ ದರದಲ್ಲಿ ಹಂಚಿದರು. ಬೀಜವನ್ನು ಬೂದಿ, ಬೇವಿನ ಸೊಪ್ಪು ಸೇರಿಸಿ ಬುಟ್ಟಿಯಲ್ಲಿ ಕಾಪಾಡಿದರು. ಬೀಜ ಒಯ್ದವರು ಸುಗ್ಗಿಯಾದ ಮೇಲೆ ಒಯ್ದದ್ದಕ್ಕಿಂತ ಹೆಚ್ಚು ಬೀಜ ಮರಳಿಸಬೇಕು, ಅಷ್ಟೇ ನಿಯಮ. ನೀರು ಹಾಯಿಸದೆ ಮಂಜಿನ ಹಸಿಯಲ್ಲಿ ಬೆಳೆಯುವ ಹಿಂಗಾರು ಬೆಳೆಗಳನ್ನು ಅವರು ತೆಲುಗಿನಲ್ಲಿ 'ಸತ್ಯಂ ಪಂಟಲು' ಎನ್ನುತ್ತಾರೆ. ಸಂಕ್ರಾಂತಿಯಿಂದ ಎತ್ತಿನ ಬಂಡಿಗಳಲ್ಲಿ ಬೀಜ ಹೊತ್ತು ಊರೂರು ತಿರುಗುವ 'ಪಾತ ಪಂಟಲ ಜಾತರ' ನಡೆಸಿದರು. 2008ರಲ್ಲಿ ಮಾಚನೂರಿನಲ್ಲಿ ತಮ್ಮದೇ ಸಂಘಂ ರೇಡಿಯೋ ಆರಂಭಿಸಿದರು. 2019ರಲ್ಲಿ ಸೊಸೈಟಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು.

ಪ್ರಶಸ್ತಿ ಬಂದರೂ ರೈತನ ಕಷ್ಟ ಕರಗುವುದಿಲ್ಲ. ಅಕ್ಕಡಿಯಲ್ಲಿ ಕಳೆ, ಕೊಯ್ಲು, ಒಕ್ಕಣೆ ಎಲ್ಲಕ್ಕೂ ಹೆಚ್ಚು ಆಳು ಬೇಕು. ಮಾರುಕಟ್ಟೆಗೆ ಒಂದೇ ಕಾಳು ರಾಶಿಯಾಗಿ ಬೇಕು. ಸಾಲ ತೀರಿಸಬೇಕಾದ ರೈತ ಹತ್ತಿ ಬಿತ್ತಿದರೆ ಅವನನ್ನು ದೂರುವುದು ನ್ಯಾಯವಲ್ಲ. ಎಲ್ಲವನ್ನೂ ಒಮ್ಮೆಲೇ ಬದಲಿಸಬೇಕಿಲ್ಲ. ಹತ್ತಿಯ ನಡುವೆ ನಾಲ್ಕು ಸಾಲು ತೊಗರಿ, ಬದುವಿನಲ್ಲಿ ಪುಂಡಿ, ಮನೆಯ ಊಟಕ್ಕಾಗುವಷ್ಟು ಜೋಳ ಇದ್ದರೂ ಕೆಟ್ಟ ವರ್ಷದಲ್ಲಿ ಒಲೆ ಉರಿಯುತ್ತದೆ.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಮಕ್ಕಳಿಂದ ಮನೆಯ ಅಜ್ಜಿಯರನ್ನು ಕೇಳಿಸಿ, ಊರಿನಲ್ಲಿ ಮೊದಲು ಯಾವ ಯಾವ ಬೀಜ ಇದ್ದವು ಎಂದು ಪಟ್ಟಿ ಮಾಡಿಸಿ. ಕನ್ನಡ, ತೆಲುಗು ಎರಡೂ ಹೆಸರು ಬರೆಸಿ. ಸಿಕ್ಕ ಬೀಜವನ್ನು ಶಾಲೆಯ ಅಂಗಳದಲ್ಲಿ ಒಂದು ಸಾಲು ಬಿತ್ತಿಸಿ. ಆ ಅಜ್ಜಿಯರು ಇರುವಾಗಲೇ ಈ ಕೆಲಸ ಆಗಬೇಕು.